ತಡೆದವನ ದಾರಿ, ಬಳಸಿದವನ ದಾರಿ

ಚಿಕ್ಕರಸಿನಕೆರೆಯ ರೈತ ತನ್ನ ಟ್ರ್ಯಾಕ್ಟರನ್ನು ಬೆಂಗಳೂರು–ಮೈಸೂರು ದಶಪಥದ ಮುಖ್ಯ ರಸ್ತೆಗೆ ಹತ್ತಿಸುವಂತಿಲ್ಲ. ಆ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದದ್ದು ಅವನದೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅಲ್ಲಿ ನಿಷೇಧ. ಅವುಗಳಿಗೆ ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಮೇಲಿಂದ ಮೇಲೆ ಆಗುತ್ತಿದ್ದ ಅಪಘಾತಗಳನ್ನು ನೋಡಿದರೆ ಈ ನಿಷೇಧಕ್ಕೆ ಕಾರಣವಿಲ್ಲದಿಲ್ಲ. ಆದರೆ ರಸ್ತೆಯ ಉದ್ದೇಶ ಅದರಿಂದ ಇನ್ನಷ್ಟು ಸ್ಪಷ್ಟವಾಯಿತು. ಬೆಂಗಳೂರನ್ನೂ ಮೈಸೂರನ್ನೂ ಹತ್ತಿರ ತರುವುದು ಅದರ ಕೆಲಸ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಪೇಟೆಗೆ ಇಳಿಯದೆ ಸಾಗುವುದೇ ಅದರ ಗುಣ. ಚನ್ನಪಟ್ಟಣದ ಗೊಂಬೆ ಅಂಗಡಿಯವರೂ ಮದ್ದೂರಿನ ವಡೆ ಮಾರುವವರೂ ಗಿರಾಕಿ ಕಡಿಮೆಯಾದರೆಂದು ಗೋಳು ಹೇಳಿಕೊಂಡದ್ದು ಇದರಿಂದಲೇ.

ದಾರಿಯ ರಾಜಕೀಯ ಎಂದೊಡನೆ ನಮ್ಮ ಕಣ್ಣು ಸೂಯೆಜ್, ಹೊರ್ಮುಜ್, ಮಲಕ್ಕಾಗಳ ಕಡೆ ಹೊರಳುತ್ತದೆ. ಕೆ.ಎಂ. ದೊಡ್ಡಿಯ ನೆರೆಯ ಚಿಕ್ಕರಸಿನಕೆರೆಯಂಥ ಹೋಬಳಿ ಕೇಂದ್ರಕ್ಕೂ ಆ ದೂರದ ಜಲಸಂಧಿಗಳಿಗೂ ಏನು ನಂಟು ಎನ್ನಿಸುವುದು ಸಹಜ. ಆದರೆ ಮದ್ದೂರು–ಮಳವಳ್ಳಿ ಸೀಮೆ ಸಾವಿರ ವರ್ಷಗಳಿಂದ ದೊಡ್ಡವರ ದಾರಿಯ ಮೇಲೆ ಕುಳಿತಿದೆ. ಇಲ್ಲಿನ ಚರಿತ್ರೆಯನ್ನು ಗಮನವಿಟ್ಟು ನೋಡಿದರೆ ಒಂದು ನಿಯಮ ಕಾಣುತ್ತದೆ. ದಾರಿಯನ್ನು ತಡೆಯಬಲ್ಲವನಿಗೆ ಬಲ ಬರುತ್ತದೆ. ಆ ಬಲವನ್ನು ಅವನು ಬಳಸಿದಷ್ಟೂ ಎದುರಾಳಿ ಬೇರೆ ದಾರಿ ಹುಡುಕುತ್ತಾನೆ. ಅದು ಸಿಕ್ಕಿದ ಮೇಲೆ ತಡೆದವನ ಬಲವೂ ಹೋಗುತ್ತದೆ, ದಾರಿಯ ಬದಿಯಲ್ಲಿದ್ದ ಊರುಗಳ ಬದುಕೂ ಹೋಗುತ್ತದೆ. ರಾಜ್ಯ ರಾಜ್ಯಗಳ, ದೇಶ ದೇಶಗಳ ನಡುವಿನ ಪೈಪೋಟಿಯಲ್ಲಿ ಬಹುಪಾಲು ಈ ತಡೆ ಮತ್ತು ಬಳಸುದಾರಿಗಳದೇ ಆಟ.

ಮದ್ದೂರು ತಾಲ್ಲೂಕಿನ ಇನ್ನೊಂದು ಹೋಬಳಿ ಕೇಂದ್ರ ಆತಗೂರು. ಹತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿ ನಿಲ್ಲಿಸಿದ ಶಾಸನ ಕಾಳಿ ಎಂಬ ಬೇಟೆನಾಯಿಯ ನೆನಪಿಗಾಗಿ ಹೆಸರಾಗಿದೆ. ಆದರೆ ಆ ಕಲ್ಲು ಒಂದು ಯುದ್ಧದ ದಾಖಲೆಯೂ ಹೌದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗ ಬೂತುಗ, ಚೋಳ ರಾಜಾದಿತ್ಯನನ್ನು ತಕ್ಕೋಲಂನಲ್ಲಿ ಕೊಂದದ್ದನ್ನು ಅದು ಹೇಳುತ್ತದೆ. ಬೂತುಗನ ಕಡೆಯ ಮಣಲೇರ ಎಂಬ ವೀರ ಮೆಚ್ಚುಗೆಯಾಗಿ ಆ ನಾಯಿಯನ್ನು ಕೇಳಿ ಪಡೆದನಂತೆ. ತಕ್ಕೋಲಂ ಇರುವುದು ಇಂದಿನ ಅರಕ್ಕೋಣಂ ಬಳಿ, ಕಂಚಿಯ ಸೀಮೆಯಲ್ಲಿ. ಪ್ರಸ್ಥಭೂಮಿಯಿಂದ ಪೂರ್ವ ಕರಾವಳಿಗೆ ಇಳಿಯುವವನಿಗೂ ಅಲ್ಲಿಂದ ಮೇಲೇರುವವನಿಗೂ ಆ ಸೀಮೆ ಹಾದಿಯ ಮೇಲಿತ್ತು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಚೋಳರು ಮೇಲೆ ಹತ್ತಿ ಬಂದು ತಲಕಾಡನ್ನು ಹಿಡಿದರು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ಅದನ್ನು ಬಿಡಿಸಿಕೊಂಡು 'ತಲಕಾಡುಗೊಂಡ' ಎನಿಸಿದ. ಮೇಲಿನವರಿಗೆ ಕೆಳಗಿನ ಬಯಲೂ ಬಂದರೂ ಬೇಕು, ಕೆಳಗಿನವರಿಗೆ ಮೇಲಿನ ನದಿಯ ತಲೆಭಾಗ ಬೇಕು. ಈ ಎರಡು ಬೇಕುಗಳ ನಡುವಿನ ಜಾಗವೇ ಮದ್ದೂರು, ಮಳವಳ್ಳಿ, ತಲಕಾಡು.

ಈ ಜಾಗದ ಬೆಲೆ ಅತ್ಯಂತ ಸ್ಪಷ್ಟವಾಗಿ ತಿಳಿದದ್ದು 1791 ಮತ್ತು 1799ರಲ್ಲಿ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ನೇರವಾದ ದಾರಿ ಚನ್ನಪಟ್ಟಣ, ಮದ್ದೂರಿನ ಮೇಲೆ ಹೋಗುವುದು. ಇಂದಿನ ಹೆದ್ದಾರಿ ಸಾಗುವುದೂ ಅದೇ ಸಾಲಿನಲ್ಲಿ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಈಸ್ಟ್ ಇಂಡಿಯಾ ಕಂಪನಿಯ ಸೇನಾಪತಿ ಕಾರ್ನ್‌ವಾಲಿಸ್ ಆ ದಾರಿಯಲ್ಲಿ ಬರುವನೆಂದು ಮೈಸೂರಿನ ಟಿಪ್ಪು ಸುಲ್ತಾನ್ ಅಲ್ಲಿನ ದವಸ, ಮೇವುಗಳನ್ನು ನಾಶ ಮಾಡಿಸಿದ. ಕಾರ್ನ್‌ವಾಲಿಸ್ ನೇರ ದಾರಿ ಬಿಟ್ಟು ಕನಕಪುರದ ಕಾಡುದಾರಿ ಹಿಡಿದು ಕಾವೇರಿ ದಡದ ಅರಕೆರೆಗೆ ಬಂದ. ಮೇ 15ರ ಕಾಳಗದಲ್ಲಿ ಗೆದ್ದೂ ಬಿಟ್ಟ. ಆದರೆ ಫಿರಂಗಿ ಎಳೆಯುವ ಎತ್ತುಗಳು ರೋಗದಿಂದ, ಮೇವಿಲ್ಲದೆ ರಾಶಿ ರಾಶಿಯಾಗಿ ಸತ್ತಿದ್ದವು. ಮಳೆ ಹಿಡಿದಿತ್ತು. ಮಲಬಾರಿನಿಂದ ಕೊಡಗಿನ ಮೂಲಕ ಬಂದಿದ್ದ ಕಂಪನಿಯ ಇನ್ನೊಬ್ಬ ಸೇನಾಪತಿ ಅಬರ್‌ಕ್ರಾಂಬಿಯ ಸೈನ್ಯ ಪಿರಿಯಾಪಟ್ಟಣದ ಕಡೆಯೇ ನಿಂತಿತ್ತು, ಎರಡೂ ಕೂಡಲಾಗಲಿಲ್ಲ. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಕಾರ್ನ್‌ವಾಲಿಸ್ ಹಿಂತಿರುಗಿದ. ದಾರಿಯಲ್ಲಿ ಮಿತ್ರರಾಗಿದ್ದ ಮರಾಠರ ಸೈನ್ಯವೂ ಅದರ ಜೊತೆಗಿದ್ದ ದವಸದ ಬಜಾರೂ ಎದುರಾಗದಿದ್ದರೆ ಅವನ ಪಾಡು ಇನ್ನೂ ಕೆಡುತ್ತಿತ್ತು. ಆ ಕಾಲದ ಸೈನ್ಯಗಳಿಗೆ ಅಕ್ಕಿ ಹೊತ್ತು ತರುತ್ತಿದ್ದವರು ಬಂಜಾರರು. ಯುದ್ಧ ಯಾರದೇ ಇರಲಿ, ಸಾಗಣೆ ಅವರದು.

ಎಂಟು ವರ್ಷಗಳ ಮೇಲೆ ಕಂಪನಿಯ ಸೈನ್ಯದ ಜನರಲ್ ಹ್ಯಾರಿಸ್ ಅದೇ ಕನಕಪುರದ ಕಡೆಯಿಂದ ಬಂದು ಶಿಂಷಾ ಹೊಳೆ ದಾಟಿದ. ಹೊಳೆಯ ದಡದಲ್ಲಿ ಬಲವಾಗಿ ತಡೆಯುವ ಅವಕಾಶವನ್ನು ಬಿಟ್ಟ ಟಿಪ್ಪು, 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಎದುರು ನಿಂತು ಸೋತ. ಮುಂದೆ ಇಂಗ್ಲಿಷರು ಹಿಂದಿನಂತೆ ಅರಕೆರೆಯ ಮೇಲೆಯೇ ಹೋಗುವರೆಂದು ಎಣಿಸಿ ಆ ದಾರಿಯ ಮೇವನ್ನು ಖಾಲಿ ಮಾಡಿಸಿದ್ದ. ಹ್ಯಾರಿಸ್ ಅತ್ತ ಸುಳಿಯಲೇ ಇಲ್ಲ. ದಕ್ಷಿಣಕ್ಕೆ ತಿರುಗಿ ಸೋಸಲೆಯ ಬಳಿ ಕಾವೇರಿ ದಾಟಿ, ಮೇವು ನೀರು ಉಳಿದಿದ್ದ ಆಚೆ ದಡದಲ್ಲಿ ಸಾಗಿದ. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಎರಡು ಯುದ್ಧಗಳಲ್ಲಿ ಎರಡು ಸಲ ಟಿಪ್ಪು ಒಂದು ದಾರಿಯನ್ನು ಬರಿದು ಮಾಡಿದ, ಎರಡು ಸಲವೂ ಶತ್ರು ಪಕ್ಕದ ದಾರಿ ಹಿಡಿದ. ಮೊದಲ ಸಲ ಆ ಬಳಸುದಾರಿಯ ಕಷ್ಟವೇ ಮೈಸೂರನ್ನು ಉಳಿಸಿತು. ಎರಡನೆಯ ಸಲ ಇಂಗ್ಲಿಷರು ಆ ಕಷ್ಟಕ್ಕೂ ಸಿದ್ಧರಾಗಿ ಬಂದಿದ್ದರು.

ಎತ್ತಿನ ಮಾತು ಇಲ್ಲಿ ಬದಿಯ ಮಾತಲ್ಲ. ಚಿಕ್ಕರಸಿನಕೆರೆಯ ಕಾಲಭೈರವೇಶ್ವರನ ಬಸಪ್ಪನನ್ನು ಊರಿಂದೂರಿಗೆ ಕರೆಸಿಕೊಂಡು ಪಾದಪೂಜೆ ಮಾಡುವ ಈ ಸೀಮೆಯಲ್ಲಿ ಎತ್ತು ದೈವವಾಗುವ ಮೊದಲೂ ಆದ ಮೇಲೂ ರಾಜ್ಯದ ಸಾಗಣೆಯ ಬೆನ್ನೆಲುಬಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಮುಂದೆ ಅಮೃತಮಹಲ್ ಎನಿಸಿತು; ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳು ವೇಗವಾಗಿ ಓಡಾಡಿದ್ದು ಆ ತಳಿಯ ಎತ್ತುಗಳ ಹೆಗಲ ಮೇಲೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರು ಆ ಹಿಂಡುಗಳನ್ನೂ ತಮ್ಮ ವಶಕ್ಕೆ ತೆಗೆದುಕೊಂಡರು. ದಾರಿಯನ್ನು ಹಿಡಿದರೆ ಸಾಲದು, ದಾರಿಯಲ್ಲಿ ಸಾಗುವ ಸಾಧನವೂ ಕೈಯಲ್ಲಿರಬೇಕೆಂಬುದು ಅವರಿಗೆ ಅರಕೆರೆಯಲ್ಲೇ ಮನದಟ್ಟಾಗಿತ್ತು.

ಈ ಯುದ್ಧಗಳನ್ನು ಬರೀ ಮೈಸೂರು ಮತ್ತು ಕಂಪನಿಯ ಜಗಳವೆಂದು ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ. ಮೆಣಸು, ಏಲಕ್ಕಿ, ಶ್ರೀಗಂಧಗಳ ವ್ಯಾಪಾರವನ್ನು ಸರ್ಕಾರದ ಕೈಗೆ ತೆಗೆದುಕೊಂಡ ಟಿಪ್ಪು ಕಂಪನಿಯ ವರ್ತಕರನ್ನು ಬಳಸಿ ಹೋಗಲು ಸಮುದ್ರದ ದಾರಿ ಹುಡುಕುತ್ತಿದ್ದ. ಮಸ್ಕತ್‌ನಲ್ಲಿ ಮೈಸೂರಿನ ಕೋಠಿ ಇತ್ತು. 1786ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ ಅವನ ನಿಯೋಗ ಬಸ್ರಾ ಬಂದರಿನಲ್ಲಿ ನೆಲೆ ಕೇಳುವ ಉದ್ದೇಶವನ್ನೂ ಹೊತ್ತಿತ್ತು. 1798ರ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದಾಗ ಇಂಗ್ಲೆಂಡಿಗೆ ಹುಟ್ಟಿದ ಭಯ ಕೆಂಪು ಸಮುದ್ರದ ಮೂಲಕ ಭಾರತಕ್ಕೆ ದಾರಿ ತೆರೆಯಬಹುದು ಎಂಬುದೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಗ್ಲಿಷರು ಮಸ್ಕತ್‌ನ ಅರಸನ ಜೊತೆ ಒಪ್ಪಂದ ಮಾಡಿ ಫ್ರೆಂಚರಿಗೆ ಆ ಬಾಗಿಲು ಮುಚ್ಚಿಸಿದರು. 1799ರ ಜನವರಿಯಲ್ಲಿ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರಿಗೆ ಸಿಕ್ಕಿತು. ಮಳವಳ್ಳಿಯಲ್ಲಿ ಕಾಳಗ ನಡೆದ ವಾರಗಳಲ್ಲೇ ನೆಪೋಲಿಯನ್ ಪ್ಯಾಲೆಸ್ತೀನಿನ ಆಕ್ರೆ ಕೋಟೆಯ ಮುಂದೆ ಸಿಕ್ಕಿಕೊಂಡಿದ್ದ. ಶಿಂಷೆಯ ದಡದ ರಾಗಿ ಹೊಲಗಳಿಗೂ ಕೆಂಪು ಸಮುದ್ರಕ್ಕೂ ಅಂದೇ ಗಂಟು ಬಿದ್ದಿತ್ತು.

ಗೆದ್ದವರು ಏನನ್ನು ತೆಗೆದುಕೊಂಡರು ಎಂಬುದು ಯುದ್ಧದ ನಿಜವಾದ ಗುರಿಯನ್ನು ತಿಳಿಸುತ್ತದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕಂಪನಿಗೆ ಹೋದದ್ದು ಮಲಬಾರ್, ಕೊಡಗಿನ ಮೇಲಿನ ಹಕ್ಕು, ಬಾರಾಮಹಲ್, ದಿಂಡಿಗಲ್. 1799ರಲ್ಲಿ ಕರಾವಳಿಯ ಕನ್ನಡ ಸೀಮೆ, ವೈನಾಡು, ಕೊಯಮತ್ತೂರು, ಘಟ್ಟದ ಕಣಿವೆಗಳನ್ನು ಕಾಯುವ ಠಾಣೆಗಳು, ಜೊತೆಗೆ ಶ್ರೀರಂಗಪಟ್ಟಣದ ದ್ವೀಪವೂ ಹೋಯಿತು. ಫಲವತ್ತಾದ ಒಳನಾಡನ್ನು ಒಡೆಯರ್ ಮನೆತನಕ್ಕೆ ಹಿಂತಿರುಗಿಸಲು ಕಂಪನಿಗೆ ಅಂಥ ಕಷ್ಟವಾಗಲಿಲ್ಲ. ಬಂದರುಗಳೂ ಘಟ್ಟದ ಬಾಯಿಗಳೂ ತನ್ನ ಕೈಯಲ್ಲಿದ್ದರೆ ಒಳನಾಡು ಎಲ್ಲಿಗೂ ಹೋಗುವುದಿಲ್ಲ ಎಂಬ ಲೆಕ್ಕ ಅದರದು. ಮೈಸೂರು ಅಂದಿನಿಂದ ಸಮುದ್ರಕ್ಕೆ ಬಾಗಿಲಿಲ್ಲದ ರಾಜ್ಯವಾಯಿತು. 1876–78ರ ಭೀಕರ ಕ್ಷಾಮದ ನಂತರ, 1882ರ ಹೊತ್ತಿಗೆ ಬೆಂಗಳೂರಿನಿಂದ ಮದ್ದೂರು, ಮಂಡ್ಯದ ಮೇಲೆ ಮೈಸೂರಿಗೆ ರೈಲು ಬಂತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಸಂಸ್ಥಾನ ತನ್ನ ರೈಲನ್ನು ಸದರ್ನ್ ಮರಾಠಾ ಕಂಪನಿಗೆ ಒಪ್ಪಿಸಬೇಕಾಯಿತು. ಭಟ್ಕಳದಲ್ಲಿ ಮೈಸೂರಿಗೆ ಸ್ವಂತ ಬಂದರು ಬೇಕೆಂಬ ಯೋಜನೆ ವಿಶ್ವೇಶ್ವರಯ್ಯನವರ ಕಾಲದಿಂದ ಚರ್ಚೆಯಲ್ಲಿದ್ದೂ ಕೈಗೂಡಲಿಲ್ಲ; ಭಟ್ಕಳ ಬೇರೆಯವರ ಪ್ರಾಂತ್ಯದಲ್ಲಿತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬೆಟ್ಟ, ಕಣಿವೆ, ನದಿಗಳು ಇದ್ದಲ್ಲೇ ಇರುತ್ತವೆ. ಹಾಗಿದ್ದರೆ ಪೈಪೋಟಿಯನ್ನು ರೂಪಿಸುವುದು ಭೂಗೋಳವೇ ತಾನೆ, ಮನುಷ್ಯರ ತೀರ್ಮಾನಕ್ಕೆ ಏನು ಜಾಗ? ಕಾರವಾರದ ಕಥೆ ಇದಕ್ಕೆ ಉತ್ತರ ಕೊಡುತ್ತದೆ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ಆ ಹತ್ತಿಯನ್ನು ಸಾಗಿಸಲು ಕಾರವಾರದ ಸಹಜ ಬಂದರನ್ನು ಬೆಳೆಸಬೇಕೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಒಂದು ಬೆಳೆ, ಒಂದು ಬಂದರು, ಒಂದು ಪರದೇಶದ ಯುದ್ಧ ಸೇರಿ ಕನ್ನಡ ಕರಾವಳಿಯನ್ನು ಎರಡು ಪ್ರಾಂತ್ಯಗಳಿಗೆ ಹಂಚಿದವು. 1956ರ ತನಕ ಆ ಗಡಿ ಉಳಿಯಿತು.

ಆದರೆ ಕಾರವಾರಕ್ಕೆ ರೈಲು ಬರಲಿಲ್ಲ. 1878ರ ಆಂಗ್ಲೋ–ಪೋರ್ಚುಗೀಸ್ ಒಪ್ಪಂದದಲ್ಲಿ ಬ್ರಿಟಿಷರು ಗೋವಾದ ಸುಂಕ ಮತ್ತು ಉಪ್ಪಿನ ಮೇಲೆ ಹಿಡಿತ ಪಡೆದರು. ಪ್ರತಿಯಾಗಿ ಮರ್ಮಗೋವಾ ಬಂದರಿಗೂ ಅಲ್ಲಿಂದ ಘಟ್ಟ ಹತ್ತುವ ರೈಲಿಗೂ ದಾರಿಯಾಯಿತು. 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೂಲಕ ಆ ಹಳಿ ಹುಬ್ಬಳ್ಳಿಯ ಜಾಲಕ್ಕೆ ಸೇರಿತು. ಹತ್ತಿ ಕಾರವಾರವನ್ನು ಬಿಟ್ಟು ಮರ್ಮಗೋವಾಕ್ಕೆ ಇಳಿಯಿತು. ಕಾರವಾರದ ಕೊಲ್ಲಿ ಬದಲಾಗಿರಲಿಲ್ಲ, ಘಟ್ಟವೂ ಬದಲಾಗಿರಲಿಲ್ಲ. ಲಂಡನ್ ಮತ್ತು ಲಿಸ್ಬನ್ ನಡುವಿನ ಚೌಕಾಸಿ ಅದರ ಹಣೆಬರಹ ಬರೆಯಿತು. ಕಾರವಾರಕ್ಕೆ ರೈಲು ಬಂದದ್ದು ಒಂದು ಶತಮಾನದ ಮೇಲೆ, ಕೊಂಕಣ ರೈಲ್ವೆಯ ಮೂಲಕ. ಹುಬ್ಬಳ್ಳಿ–ಅಂಕೋಲಾ ಮಾರ್ಗವಂತೂ ಕಾಡಿನ ಪ್ರಶ್ನೆಯಲ್ಲಿ ದಶಕಗಳಿಂದ ನೆನೆಗುದಿಗೆ ಬಿದ್ದಿದೆ. ವ್ಯಾಪಾರ ಬಿಟ್ಟುಹೋದ ಅದೇ ಕೊಲ್ಲಿಯಲ್ಲಿ ಈಗ ಸೀಬರ್ಡ್ ಯೋಜನೆಯ ನೌಕಾನೆಲೆ ಇದೆ. ಹಾಗಾಗಿ ಭೂಗೋಳ ಕೊಡುವುದು ಸಾಧ್ಯತೆಗಳನ್ನು. ಅವುಗಳಲ್ಲಿ ಒಂದನ್ನು ಆರಿಸುವುದು ರಾಜಕೀಯ. ಒಮ್ಮೆ ಆರಿಸಿ ಹಳಿ ಹಾಕಿದ ಮೇಲೆ ಮಾತ್ರ ಆ ಆಯ್ಕೆ ಬೆಟ್ಟದಷ್ಟೇ ಗಟ್ಟಿಯಾಗಿ ಕೂರುತ್ತದೆ.

ತಡೆ ಮತ್ತು ಬಳಸುದಾರಿಯ ಈ ಹಳೆಯ ನಿಯಮ ಇಂದಿಗೂ ನಿಲ್ಲುತ್ತದೆಯೇ? ಕಣ್ಣೆದುರಿನ ಉದಾಹರಣೆಗಳು ಸಾಲು ಸಾಲಾಗಿವೆ. ಪಾಕಿಸ್ತಾನ ತನ್ನ ನೆಲದ ಮೂಲಕ ಅಫ್ಘಾನಿಸ್ತಾನಕ್ಕೆ ಹೋಗಲು ಭಾರತದ ಸರಕಿಗೆ ದಾರಿ ಕೊಡಲಿಲ್ಲ. ಭಾರತ ಇರಾನಿನ ಚಾಬಹಾರ್ ಬಂದರಿನ ಕಡೆ ತಿರುಗಿತು. ಅಫ್ಘಾನಿಸ್ತಾನದೊಳಗೆ ಜರಂಜ್–ದೆಲಾರಾಂ ರಸ್ತೆ ಕಟ್ಟಿಕೊಟ್ಟಿತು, 2024ರ ಮೇ 13ರಂದು ಚಾಬಹಾರ್‌ಗಾಗಿ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿತು. ಇಲ್ಲಿ ತಡೆದವರು ನೆರೆಯವರು, ಬಳಸಿದವರು ನಾವು. ನೇಪಾಳದಲ್ಲಿ ಪಾತ್ರಗಳು ಅದಲುಬದಲಾದವು. 2015ರಲ್ಲಿ ಭಾರತದ ಗಡಿಯಲ್ಲಿ ತಿಂಗಳುಗಟ್ಟಲೆ ಇಂಧನದ ಲಾರಿಗಳು ನಿಂತವು. ತಾನು ತಡೆದಿಲ್ಲ, ಅದು ನೇಪಾಳದ ಬಯಲುಸೀಮೆಯ ಮಧೇಸಿಗಳ ಪ್ರತಿಭಟನೆಯ ಫಲ ಎಂದು ಭಾರತ ಹೇಳಿತು, ನೇಪಾಳ ನಂಬಲಿಲ್ಲ. 2016ರ ಮಾರ್ಚ್‌ನಲ್ಲಿ ಕಾಠ್ಮಂಡು ಚೀನಾದ ಜೊತೆ ಸಾಗಣೆ ಒಪ್ಪಂದ ಮಾಡಿಕೊಂಡಿತು. ಹಿಮಾಲಯವನ್ನು ದಾಟುವ ಆ ದಾರಿ ವ್ಯಾಪಾರದ ಲೆಕ್ಕದಲ್ಲಿ ದುಬಾರಿಯೇ ಇರಬಹುದು. ಆದರೆ ಬೇರೆ ದಾರಿ ಇದೆ ಎನ್ನುವ ಮಾತಿಗೇ ಚೌಕಾಸಿಯಲ್ಲಿ ಬೆಲೆ ಬರುತ್ತದೆ.

2023ರ ನವೆಂಬರಿನಿಂದ ಯೆಮನಿನ ಹೂಥಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಮಾಡತೊಡಗಿದಾಗ ದೊಡ್ಡ ಹಡಗು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಸುತ್ತಿ ಹೋದವು. ಕೊಡಗು, ಚಿಕ್ಕಮಗಳೂರು, ಹಾಸನಗಳಿಂದ ಇಟಲಿ, ಜರ್ಮನಿಗೆ ಹೋಗುವ ಕಾಫಿಯ ಸಾಗಣೆ ವೆಚ್ಚ ಏರಿತು, ಹಡಗು ತಲುಪುವ ದಿನಗಳು ಹೆಚ್ಚಿದವು. ಆದರೆ ಅತಿ ದೊಡ್ಡ ಪೆಟ್ಟು ಬಿದ್ದದ್ದು ಈ ಜಗಳದಲ್ಲಿ ಕೈಯಿಡದ ಈಜಿಪ್ಟಿಗೆ. 2024ರಲ್ಲಿ ಸೂಯೆಜ್ ಕಾಲುವೆಯ ಆದಾಯ ಹಿಂದಿನ ವರ್ಷದ ಅರ್ಧಕ್ಕಿಂತಲೂ ಕೆಳಗಿಳಿಯಿತು. ದಾರಿಯ ಮೇಲೆ ಕುಳಿತು ಬದುಕುವವರ ಸ್ಥಿತಿ ಇದು: ತಡೆಯುವವನು ಬೇರೆ, ಬಳಸುವವನು ಬೇರೆ, ಕಳೆದುಕೊಳ್ಳುವವನು ಮೂರನೆಯವನು. ಮದ್ದೂರಿನ ವಡೆ ಅಂಗಡಿಗೂ ಈಜಿಪ್ಟಿನ ಬೊಕ್ಕಸಕ್ಕೂ ಗಾತ್ರದಲ್ಲಿ ಹೋಲಿಕೆಯಿಲ್ಲ. ನಷ್ಟದ ಸ್ವರೂಪ ಮಾತ್ರ ಒಂದೇ.

ಈಗ ಮಂಡ್ಯದ ಅತಿ ಸೂಕ್ಷ್ಮವಾದ ವಿಷಯಕ್ಕೆ ಬರಬೇಕು. ಕಾವೇರಿ ನೀರಿನ ತೀರ್ಪು ಅಥವಾ ಆದೇಶ ಬಂದಾಗಲೆಲ್ಲ ಮೊದಲು ಬಂದ್ ಆಗುವುದು ಬೆಂಗಳೂರು–ಮೈಸೂರು ಹೆದ್ದಾರಿ. ಮಂಡ್ಯದ ಸಂಜಯ ವೃತ್ತದಲ್ಲಿ, ಮದ್ದೂರಿನಲ್ಲಿ ರಸ್ತೆತಡೆ; ಅತ್ತ ಅತ್ತಿಬೆಲೆಯಲ್ಲಿ, ಹೊಸೂರಿನಲ್ಲಿ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಬಸ್ಸುಗಳು ನಿಂತುಬಿಡುತ್ತವೆ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿಯೇ ಬಿತ್ತು. 2023ರ ಸೆಪ್ಟೆಂಬರಿನಲ್ಲಿ ಮತ್ತೆ ಬಂದ್‌ಗಳು. ನೀರಿನ ಜಗಳವನ್ನು ರಸ್ತೆಯ ಮೇಲೆ ಆಡುವುದು ಏಕೆ? ರೈತನ ಬಳಿ ಬೇರೆ ಹಿಡಿತ ಇಲ್ಲದಿರುವುದರಿಂದ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ಹಳ್ಳಿಗಳಿಗೆ ನೀರು ಒಳ್ಳೆಯ ವರ್ಷದಲ್ಲೂ ತಡವಾಗಿಯೇ ಬರುತ್ತದೆ. ಕಾವೇರಿ ನ್ಯಾಯಾಧಿಕರಣದಲ್ಲಿ ರಾಜ್ಯಗಳಿಗೆ ದನಿಯುಂಟು, ನಾಲೆಯ ಕೊನೆಯವನಿಗಿಲ್ಲ. ದೆಹಲಿಗೂ ಬೆಂಗಳೂರಿಗೂ ಕೇಳಿಸುವಂತೆ ಮಾತಾಡಲು ಅವನಿಗೆ ಸಿಗುವುದು ಮನೆ ಮುಂದಿನ ಹೆದ್ದಾರಿಯೊಂದೇ. ಸೈನ್ಯವಿಲ್ಲದವನು ಇಕ್ಕಟ್ಟಿನ ಜಾಗದಲ್ಲಿ ನಿಂತು ಬಲಶಾಲಿಯನ್ನು ನಿಲ್ಲಿಸುವ ತರ್ಕ ಇದು. ಹಡಗಿಗೆ ಕ್ಷಿಪಣಿ ಬಿಡುವವನಿಗೂ ರಸ್ತೆಯಲ್ಲಿ ಕೂರುವ ರೈತನಿಗೂ ನೈತಿಕವಾಗಿ ಹೋಲಿಕೆಯೇ ಸಲ್ಲದು. ಆದರೆ ಎರಡೂ ಕಡೆ ಎದುರಾಳಿ ಕೊಡುವ ಉತ್ತರ ಒಂದೇ: ಬಳಸಿಕೊಂಡು ಹೋಗುವುದು.

ಆ ಉತ್ತರ ಈಗಾಗಲೇ ಸಿದ್ಧವಾಗುತ್ತಿದೆ. ಮಂಡ್ಯದಲ್ಲಿ ರಸ್ತೆ ನಿಂತರೆ ಕನಕಪುರ–ಮಳವಳ್ಳಿಯ ಮೇಲೆ ಮೈಸೂರಿಗೆ ಹೋಗುವುದು ಇಂದು ವಾಡಿಕೆ. ಹ್ಯಾರಿಸನ ದಾರಿಯನ್ನೇ ಟ್ಯಾಕ್ಸಿ ಚಾಲಕರೂ ಹಿಡಿಯುತ್ತಾರೆ. ಹೆದ್ದಾರಿ ಪೇಟೆಗಳನ್ನು ಬಿಟ್ಟು ಮೇಲೆ ಹಾದುಹೋದ ಮೇಲೆ ಪೇಟೆಯ ಮಧ್ಯದ ರಸ್ತೆತಡೆಗೆ ಮೊದಲಿನ ಬಿಸಿ ಉಳಿದಿಲ್ಲ. ಹೋರಾಟ ತಪ್ಪೆಂದು ಇದರ ಅರ್ಥವಲ್ಲ. ದಾರಿ ತಡೆಯುವುದನ್ನೇ ನಂಬಿದ ಹೋರಾಟದ ಆಯುಷ್ಯ ಕಡಿಮೆ ಎಂದಷ್ಟೇ ಅರ್ಥ.

ಎಲ್ಲ ತಡೆಯೂ ಹಗೆತನದ್ದಲ್ಲ ಎಂಬುದನ್ನೂ ಒಪ್ಪಬೇಕು. ಬಂಡೀಪುರದ ಕಾಡಿನಲ್ಲಿ ಹಾಯುವ ಮೈಸೂರು–ಕೋಝಿಕ್ಕೋಡ್ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರ ತನಕ ಸಂಚಾರ ನಿಂತಿದೆ. ವಾಹನಕ್ಕೆ ಸಿಕ್ಕಿ ಸಾಯುವ ಕಾಡುಪ್ರಾಣಿಗಳನ್ನು ಉಳಿಸಲು. ಕೇರಳ ಅದನ್ನು ವೈನಾಡಿನ ಬದುಕಿನ ಪ್ರಶ್ನೆ ಎನ್ನುತ್ತದೆ, ಕರ್ನಾಟಕ ಕಾಡಿನ ಪ್ರಶ್ನೆ ಎನ್ನುತ್ತದೆ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲಿನ ಪರ್ಯಾಯ ರಸ್ತೆಯನ್ನು ಕರ್ನಾಟಕ ತೋರಿಸಿದ್ದರಿಂದಲೇ ಈ ವಾದಕ್ಕೆ ನೈತಿಕ ಬಲ ಉಳಿದಿದೆ. ತಡೆಯುವವನೇ ಬಳಸುದಾರಿಯನ್ನೂ ಕೊಟ್ಟರೆ ಜಗಳ ಬಹುಮಟ್ಟಿಗೆ ನ್ಯಾಯಾಲಯದಲ್ಲಿ ಉಳಿಯುತ್ತದೆ, ಬೀದಿಗೆ ಬರುವುದು ಕಡಿಮೆ.

ನನ್ನ ವಾದಕ್ಕೆ ನಿಜವಾದ ಮಿತಿ ಇರುವುದು ನೀರಿನಲ್ಲಿ. ಸರಕಿಗೆ ಬೇರೆ ದಾರಿ ಹುಡುಕಬಹುದು, ನದಿಗೆ ಹುಡುಕಲಾಗದು. ತಂಜಾವೂರಿನ ಬಯಲಿಗೆ ಕಾವೇರಿ ಇಳಿಯುವ ದಾರಿ ಒಂದೇ. ಹಾಗೆಯೇ ಬೆಂಗಳೂರಿಗೆ ಕಾವೇರಿ ಕುಡಿಯುವ ನೀರು ಏರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪುಗಳಿಂದಲೇ. ಬಳಸುದಾರಿ ಇಲ್ಲದ ಕಡೆ ತಡೆಯುವವನ ಬಲ ಕರಗುವುದಿಲ್ಲ. ಅದಕ್ಕೇ ಅಲ್ಲಿ ಕಾನೂನು ಬೇಕಾಗುತ್ತದೆ. 1892, 1924ರ ಒಪ್ಪಂದಗಳು, 1990ರ ನ್ಯಾಯಾಧಿಕರಣ, 2007ರ ಅಂತಿಮ ತೀರ್ಪು, 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟಿನ ತೀರ್ಪು, ಇವೆಲ್ಲ ಬಂದದ್ದು ಈ ಕಾರಣಕ್ಕೆ. ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಎಂಬ ಲೆಕ್ಕದಲ್ಲಿ ಎರಡೂ ಕಡೆಯವರಿಗೆ ಅಸಮಾಧಾನ ಇರಬಹುದು. ಆದರೂ ಜಗಳಕ್ಕೆ ಒಂದು ಅಂಕಿ, ಒಂದು ಪ್ರಾಧಿಕಾರ ಸಿಕ್ಕಿದೆ.

ಕರ್ನಾಟಕ ಮತ್ತು ತಮಿಳುನಾಡಿನ ನಂಟನ್ನು ಸರಕಿನ ಕಣ್ಣಿನಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕರ್ನಾಟಕಕ್ಕೆ ಸ್ವಂತ ಕರಾವಳಿ ಇದೆ, 1974ರಿಂದ ನವ ಮಂಗಳೂರು ಬಂದರೂ ಇದೆ. ಆದರೂ ಬೆಂಗಳೂರಿನ ಕಂಟೇನರುಗಳು ಬಹುಪಾಲು ಇಳಿಯುವುದು ಚೆನ್ನೈಗೆ. ಶಿರಾಡಿ ಘಾಟಿ ಮಳೆಗಾಲ ಬಂದರೆ ಕುಸಿಯುತ್ತದೆ. ಹಾಸನ–ಮಂಗಳೂರು ರೈಲು 1979ರಲ್ಲಿ ಬಂದು, 1990ರ ದಶಕದಲ್ಲಿ ಹಳಿ ಅಗಲಿಸುವ ಕೆಲಸಕ್ಕೆ ನಿಂತು ಹತ್ತು ವರ್ಷ ಮುಚ್ಚಿತ್ತು. ಪೂರ್ವದ ಇಳಿಜಾರು ಸುಲಭ. ಅಂದರೆ ತಮಿಳುನಾಡಿನ ನೀರಿನ ಬಾಯಿ ಕರ್ನಾಟಕದ ಕೈಯಲ್ಲಿದೆ, ಬೆಂಗಳೂರಿನ ಸಮುದ್ರದ ಬಾಯಿ ತಮಿಳುನಾಡಿನ ಕೈಯಲ್ಲಿದೆ. ಬಂದ್‌ನ ಮರುದಿನವೇ ಅತ್ತಿಬೆಲೆಯಲ್ಲಿ ಲಾರಿಗಳ ಸಾಲು ಮತ್ತೆ ಚಲಿಸುವುದಕ್ಕೆ ಕಾರಣ ಸೌಹಾರ್ದದ ಭಾಷಣವಲ್ಲ, ಈ ಪರಸ್ಪರ ಹಿಡಿತ. ವ್ಯಾಪಾರ ಶಾಂತಿಯನ್ನು ತರುತ್ತದೆ ಎನ್ನುವವರ ಮಾತು ಇಷ್ಟರ ಮಟ್ಟಿಗೆ ನಿಜ: ದಾರಿಗಳು ಎರಡೂ ಕೈಗಳಲ್ಲಿ ಹಂಚಿಹೋದಾಗ ಮಾತ್ರ. 1799ರಂತೆ ಎಲ್ಲ ಬಾಯಿಗಳೂ ಒಬ್ಬನ ಕೈಗೆ ಸೇರಿದರೆ ವ್ಯಾಪಾರ ಗೆದ್ದವನ ಇನ್ನೊಂದು ಆಯುಧವಾಗುತ್ತದೆ. ಕುದುರೆಮುಖದ ಅದಿರಿಗೆ ಆದದ್ದು ಇನ್ನೊಂದು ಬಗೆಯ ಪಾಠ. 1970ರ ದಶಕದಲ್ಲಿ ಇರಾನಿನ ಹಣ ಮತ್ತು ಬೇಡಿಕೆಯನ್ನೇ ನಂಬಿ ಬೆಟ್ಟದಿಂದ ಮಂಗಳೂರಿನ ತನಕ ಅದಿರಿನ ಕೊಳವೆ ಹಾಕಿದರು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿಯಿತು. ಒಂದೇ ಗಿರಾಕಿಯ ದಾರಿಯಲ್ಲಿ ನಿಂತವನಿಗೆ ಬಳಸುದಾರಿಯೇ ಇರುವುದಿಲ್ಲ.

ಹಾಗಾದರೆ ಚಿಕ್ಕರಸಿನಕೆರೆಯಂಥ ಊರು ಏನನ್ನು ಕೇಳಬೇಕು? ನಮ್ಮ ಊರಿನ ಮೇಲೆ ರಸ್ತೆ ಹೋಗಲಿ ಎಂಬುದು ಹಳೆಯ ಬೇಡಿಕೆ; ರಸ್ತೆ ಹೋಗುತ್ತದೆ, ಊರನ್ನು ಬಿಟ್ಟೇ ಹೋಗುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆ ಬೇರೊಂದು ದಾರಿ ತೋರಿಸುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಗೆ ದೂರದ ರಾಜ್ಯಗಳ ಲಾರಿಗಳು ಹೆದ್ದಾರಿ ಬಿಟ್ಟು ಇಳಿದು ಬರುತ್ತವೆ. ಅವುಗಳನ್ನು ಯಾರೂ ತಡೆದು ನಿಲ್ಲಿಸಿಲ್ಲ. ಸರಕು ಅಲ್ಲಿರುವುದರಿಂದ ನಿಲ್ಲುತ್ತವೆ. ವಡೆ ಅಂಗಡಿಯವನು ಹಾದುಹೋಗುವವನ ಹಸಿವನ್ನು ನಂಬಿದ್ದ. ಹಾದುಹೋಗುವ ದಾರಿ ಬದಲಾದಾಗ ಸೋತ. ಎಳನೀರಿನವನು ಕೊಳ್ಳಲೆಂದೇ ಬರುವವನನ್ನು ನಂಬಿದ. ಹೆದ್ದಾರಿ ಎತ್ತರಕ್ಕೆ ಏರಿದರೂ ಉಳಿದ. ಬೆಲ್ಲ, ರೇಷ್ಮೆಗೂಡು, ಸಕ್ಕರೆಗೂ ಈ ಮಾತು ಅನ್ವಯಿಸುತ್ತದೆ.

ಆದ್ದರಿಂದ ಕೇಳಬೇಕಾದದ್ದು ಮೂರು. ಮೊದಲನೆಯದು, ಹೆದ್ದಾರಿಯಿಂದ ಹಳ್ಳಿಯ ಮಾರುಕಟ್ಟೆಗೆ ಇಳಿಯುವ, ಹತ್ತುವ ಜಾಗ; ಜೊತೆಗೆ, ಟ್ರ್ಯಾಕ್ಟರಿಗೆ ನಿಷೇಧವಿದ್ದರೆ ಅಷ್ಟೇ ಒಳ್ಳೆಯ, ಕತ್ತರಿಸದ ಸರ್ವಿಸ್ ರಸ್ತೆ. ಎರಡನೆಯದು, ಬೆಂಗಳೂರಿನ ಒಂದೇ ದಿಕ್ಕನ್ನು ನಂಬದೆ ಹಾಸನದ ಮೂಲಕ ಮಂಗಳೂರಿಗೂ ಮಳವಳ್ಳಿ, ಕೊಳ್ಳೇಗಾಲದ ಮೂಲಕ ಕೊಯಮತ್ತೂರಿಗೂ ಸರಕು ಹೋಗುವಂಥ ಸಾಗಣೆ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ನಾಲೆಯ ನೀರು ಹಂಚುವಾಗ, ರಸ್ತೆಯ ನಕ್ಷೆ ಬರೆಯುವಾಗ ಕೊನೆಭಾಗದವರಿಗೆ ಕಾಗದದ ಮೇಲೆ ಬರೆದಿಟ್ಟ ಹಕ್ಕು. ಮಾತಾಡಲು ಆ ಜಾಗ ಸಿಕ್ಕಿದರೆ ರಸ್ತೆಯಲ್ಲಿ ಕೂರುವ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ. ಸಿಗದಿದ್ದರೆ ತಡೆಯುವವರು ತಡೆಯುತ್ತಲೇ ಇರುತ್ತಾರೆ, ಬಳಸುವವರು ಇನ್ನೊಂದು ಬೈಪಾಸ್ ಕಟ್ಟುತ್ತಲೇ ಇರುತ್ತಾರೆ, ಮತ್ತು ಪ್ರತಿ ಬೈಪಾಸಿಗೂ ಭೂಮಿ ಹೋಗುವುದು ಅದೇ ರೈತನದು.